ಲೀಡ್ ಇದ್ದೂ ಸೋತರೆ ಲೀಡ್ ಅಂದ್ರೆ ಏನು? ಬಿಹಾರ ಎಣಿಕೆ, ಈಡನ್ ಟೆಸ್ಟ್, ಮನೆಯಲ್ಲಿ ಒಂದೇ ಟಿವಿ

ಕಾಫಿಕಣ · ಭಾನುವಾರ, 16 ನವೆಂಬರ್ 2025, ಸಂಜೆ 5.40

ಆಲ್ದೂರು ಹತ್ತಿರ ನಮ್ಮ ತೋಟ. ಮನೆಯಲ್ಲಿ ಟಿವಿ ಒಂದೇ. ಮೊಬೈಲ್ ಸಿಗ್ನಲ್ ಬೇಕಂದ್ರೆ ಕಾಫಿ ಕಣದ ಮೂಲೆಯ ನೀರಿನ ತೊಟ್ಟಿ ಹತ್ತಿ ನಿಲ್ಲಬೇಕು. ಇಷ್ಟು ಹೇಳಿದರೆ ನನ್ನ ಕಷ್ಟ ಅರ್ಧ ಅರ್ಥವಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಿಹಾರದ ಎಣಿಕೆ. ಒಂಬತ್ತೂವರೆಗೆ ಈಡನ್ ಗಾರ್ಡನ್ಸಿನಲ್ಲಿ ದಕ್ಷಿಣ ಆಫ್ರಿಕಾ ಜೊತೆ ಟೆಸ್ಟ್. ಅಪ್ಪನಿಗೆ ಎಲೆಕ್ಷನ್ ರಿಸಲ್ಟ್ ಅಂದರೆ ಹುಚ್ಚು. ಬಿಹಾರದಲ್ಲಿ ನಮಗೆ ಒಬ್ಬ ನೆಂಟನೂ ಇಲ್ಲ. ಆದರೂ ಹಳೇ ಡೈರಿಯಲ್ಲಿ ಗೆರೆ ಎಳೆದು, ಪಕ್ಷಗಳ ಹೆಸರು ಬರೆದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಏಳೂವರೆಗೇ ಟಿವಿ ಮುಂದೆ ಕೂತಿದ್ದರು. ಯಾರು ಗೆಲ್ಲುತ್ತಾರೆ ಅಂತ ಗೊತ್ತಾದ ಕೂಡಲೇ ರಿಮೋಟ್ ನನಗೆ ಅಂತ ಹಿಂದಿನ ರಾತ್ರಿಯೇ ಒಪ್ಪಂದವಾಗಿತ್ತು.

ಹತ್ತೂವರೆ ಹೊತ್ತಿಗೆ ಗೊತ್ತಾಯಿತು. ರಿಮೋಟ್ ಕೈಗೆ ಬಂದಿದ್ದು ಎರಡೂಮುಕ್ಕಾಲಿಗೆ. "ಇನ್ನೊಂದು ರೌಂಡ್ ಇರು, ಇನ್ನೊಂದು ರೌಂಡ್ ಇರು" ಅಂತ ಎಳೆದರು. ಎನ್‌ಡಿಎ 243ರಲ್ಲಿ ಇನ್ನೂರು ದಾಟುತ್ತಾ, ಇಲ್ವಾ ಅನ್ನೋದು ಆಲ್ದೂರಿನಲ್ಲಿ ಕೂತವರಿಗೆ ಯಾಕೆ ಬೇಕು? (ಕೊನೆಗೆ 202 ಆಯಿತು.) ನಾನು ಚಾನೆಲ್ ಹಾಕಿದಾಗ ದಕ್ಷಿಣ ಆಫ್ರಿಕಾದ ಬಾಲಂಗೋಚಿಗಳು ಆಡುತ್ತಿದ್ದರು. 159ಕ್ಕೆ ಆಲೌಟ್, ಬುಮ್ರಾ 27 ರನ್ನಿಗೆ 5. ಅಪ್ಪ ಡೈರಿ ಮುಚ್ಚಿ, "ಎರಡೂ ಮುಗೀತು ಬಿಡು, ಬಿಹಾರನೂ ಆಯ್ತು, ನಿನ್ನ ಮ್ಯಾಚೂ ಆಯ್ತು" ಅಂದರು.

ಇವತ್ತು ಮಧ್ಯಾಹ್ನ ಏನಾಯಿತು ಅಂತ ನೀವೇ ನೋಡಿದ್ದೀರಿ. ಗೆಲ್ಲಲು ನಮ್ಮವರು 124 ಹೊಡೆಯಬೇಕಿತ್ತು, 93ಕ್ಕೆ ಎದ್ದು ಬಂದರು. ಅಪ್ಪ ಮಜ್ಜಿಗೆ ಲೋಟ ಹಿಡಿದು ಬಂದು ನಿಂತರು.

"ಲೀಡ್ ಯಾರದ್ದಿತ್ತೋ?"

"ನಮ್ಮದೇ. ಮೊದಲ ಇನಿಂಗ್ಸಿನಲ್ಲಿ 30 ರನ್."

"ಎಷ್ಟರಲ್ಲಿ ಸೋತ್ರಿ?"

"30."

"ಲೀಡ್ ಇದ್ದೂ ಸೋಲೋದಾದ್ರೆ ಅದನ್ನ ಲೀಡ್ ಅಂತ ಯಾಕೆ ಕರೀತೀರಿ? ನಮ್ಮ ಎಣಿಕೆಯಲ್ಲಿ ಲೀಡ್ ಅಂದ್ರೆ ಲೀಡ್."

ಬಾಯಿಗೆ ಉತ್ತರ ಬರಲಿಲ್ಲ. ಎರಡನ್ನೂ ಫಾಲೋ ಮಾಡುವವರು ಇಲ್ಲಿ ಜಾಸ್ತಿ ಇದ್ದೀರಿ. ಏನಾದರೂ ಹೇಳಿ, ರಾತ್ರಿ ಊಟಕ್ಕೆ ಕೂರುವುದರೊಳಗೆ.

ಹಾಸನ್‌ಹೈದ · 5.52

ಅಪ್ಪಾಜಿಗೆ 2018ರ ಮೇ 15 ನೆನಪು ಮಾಡಿ ಗುರು. ಅವತ್ತು ಬೆಳಿಗ್ಗೆ ಬಿಜೆಪಿ ಬಹುಮತ ದಾಟುವ ಹಾಗೇ ಇತ್ತು. ಬೆಂಗಳೂರಲ್ಲಿ ಪಟಾಕಿ, ಸಿಹಿ, ಕುಣಿತ ಎಲ್ಲ ಆಯಿತು. ಮಧ್ಯಾಹ್ನ ಗಾಡಿ 104ಕ್ಕೆ ನಿಂತಿತು. 222 ಸೀಟಿಗೆ ಮತದಾನ, ಬೇಕಿದ್ದದ್ದು 112. ಸಂಜೆಯೊಳಗೆ ಕಾಂಗ್ರೆಸ್ಸಿನವರು ಕುಮಾರಸ್ವಾಮಿಯವರಿಗೆ ಬೆಂಬಲ ಅಂದಾಗಿತ್ತು. ಯಡಿಯೂರಪ್ಪನವರು 17ಕ್ಕೆ ಪ್ರಮಾಣ ವಚನ ಮಾಡಿ 19ಕ್ಕೆ ರಾಜೀನಾಮೆ ಕೊಟ್ಟರು. ಅದೂ ಲೀಡೇ ತಾನೇ?

ನಾನು ಅವತ್ತು ಎನ್.ಆರ್. ವೃತ್ತದಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಹನ್ನೊಂದಕ್ಕೆ ಒಂದು ಗುಂಪು ಕುಣಿಯಿತು. ನಾಲ್ಕಕ್ಕೆ ಅದೇ ಜಾಗದಲ್ಲಿ ಇನ್ನೊಂದು ಗುಂಪು. ತಮಟೆಯವನು ಮಾತ್ರ ಅವನೇ.

ಮೂರನೇಸ್ಲಿಪ್ · 5.58

ಈಡನ್ನಿನಲ್ಲಿ ನಮ್ಮ ಕ್ಯಾಪ್ಟನ್ ಗಿಲ್ ಕತ್ತು ಹಿಡಿದುಕೊಂಡು ಆಸ್ಪತ್ರೆಗೆ ಹೋದಮೇಲೆ ಹತ್ತೇ ಜನ ಆಡಿದ್ದು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೋಟಾ · 6.01

@ಹಾಸನ್‌ಹೈದ ತಮಟೆಯವನೇ ನಿಜವಾದ ಸ್ಥಿರ ಸರ್ಕಾರ.

ಎಣಿಕೆಏಜೆಂಟ್ · 6.20

ಮೂರು ಸಲ ಎಣಿಕೆ ಏಜೆಂಟಾಗಿ ಕೂತವನು ನಾನು. ಯಾವ ಪಕ್ಷ, ಯಾವ ಕ್ಷೇತ್ರ ಅಂತ ಕೇಳಬೇಡಿ, ನಮ್ಮ ಜಿಲ್ಲೆಯದ್ದೇ. ನಿಮ್ಮ ತಂದೆಯವರ ಮಾತಿಗೆ ಒಳಗೆ ಕೂತು ನೋಡಿದ್ದನ್ನು ಹೇಳುತ್ತೇನೆ.

ಹಾಲಿನಲ್ಲಿ ಸಾಮಾನ್ಯವಾಗಿ 14 ಟೇಬಲ್. ಒಂದು ರೌಂಡ್ ಅಂದರೆ 14 ಬೂತು. ಎಂಟಕ್ಕೆ ಅಂಚೆ ಮತ ಶುರು, ಎಂಟೂವರೆಯಿಂದ ಮೆಷಿನ್. ನಮಗೂ ಟೇಬಲ್ಲಿಗೂ ನಡುವೆ ತಂತಿ ಜಾಲರಿ. ಸಿಬ್ಬಂದಿ ಕಂಟ್ರೋಲ್ ಯೂನಿಟ್ಟಿನ ಸೀಲು ನಮಗೆ ತೋರಿಸುತ್ತಾರೆ, ಒಡೆಯುತ್ತಾರೆ, ರಿಸಲ್ಟ್ ಬಟನ್ ಒತ್ತುತ್ತಾರೆ. ಪುಟ್ಟ ಕಿಂಡಿಯಲ್ಲಿ ಒಂದನೇ ನಂಬರಿನ ಅಭ್ಯರ್ಥಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಅಂತ ಒಂದೊಂದೇ ಬಂದು ಹೋಗುತ್ತದೆ. ಜಾಲರಿಗೆ ಮೂಗು ಒತ್ತಿಕೊಂಡು ಬರೆದುಕೊಳ್ಳಬೇಕು. ಒಟ್ಟು ಮತ 17ಸಿ ಫಾರಂ (ಬೂತಿನಲ್ಲಿ ಎಷ್ಟು ಮತ ಬಿತ್ತು ಅಂತ ಬರೆದ ಹಾಳೆ) ಜೊತೆ ತಾಳೆ ಆಗಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲ. ಹೊರಗೆ ಪಟಾಕಿ ಹೊಡೆದರೆ ಅದು ನಮ್ಮವರದ್ದೋ ಅವರದ್ದೋ ಅಂತ ಒಳಗಿರುವ ನಮಗೇ ಗೊತ್ತಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬೂತಿನ ನಂಬರು ಊರಿನ ಸಾಲಿನಂತೆ ಇರುತ್ತದೆ. ಅಕ್ಕಪಕ್ಕದ ಊರಿಗೆ ಅಕ್ಕಪಕ್ಕದ ನಂಬರು. ಹಾಗಾಗಿ ಮೊದಲ ನಾಲ್ಕೈದು ರೌಂಡು ಹೆಚ್ಚುಕಮ್ಮಿ ಒಂದೇ ಹೋಬಳಿ. ಆ ಹೋಬಳಿ ಯಾರ ಕೈಲಿದೆಯೋ ಲೀಡ್ ಅವರದ್ದು. ಒಂದು ಸಲ ನಾಲ್ಕು ರೌಂಡ್ ಮುಗಿದಾಗ ನಮ್ಮವರಿಗೆ 3,800 ಲೀಡ್ ಇತ್ತು. ಮಧ್ಯೆ ಹೊರಗೆ ಬಂದು ನೋಡಿದರೆ ಗುಲಾಲು, ಹಾರ, ಜೆಸಿಬಿ ಎಲ್ಲ ಬಂದಾಗಿದೆ. ನಾನು ಒಬ್ಬನೇ ಬೆವರುತ್ತಿದ್ದೆ. ಯಾಕಂದ್ರೆ ಮುಂದಿನ ಆರು ರೌಂಡ್ ಟೌನು ಅಂತ ನನ್ನ ಹಾಳೆಯಲ್ಲಿತ್ತು. ಯಜಮಾನ್ರೇ ಆ ಹಾರ ಸ್ವಲ್ಪ ನೆರಳಲ್ಲಿಡಿ ಅಂತ ಹೇಳಿ ಒಳಗೆ ಹೋದೆ. 900 ಮತದಲ್ಲಿ ಸೋತೆವು. ಹಾರ ಏನಾಯಿತೋ ಗೊತ್ತಿಲ್ಲ.

ಎಣಿಕೆಯ ಲೀಡ್ ಅಂದರೆ ಅರ್ಧ ಓದಿದ ಕಾಗದ. ಬರೆದಿರುವುದು ಬದಲಾಗಲ್ಲ. ನೀವು ಎಲ್ಲಿವರೆಗೆ ಓದಿದ್ದೀರಿ ಅನ್ನೋದು ಅಷ್ಟೇ.

ಫಾಲೋಆನ್ · 6.31

@ಎಣಿಕೆಏಜೆಂಟ್ ಇದೇ, ಇದೇ ವ್ಯತ್ಯಾಸ. ಬಿಹಾರದಲ್ಲಿ ಮತ ಹಾಕಿದ್ದು ನವೆಂಬರ್ 6 ಮತ್ತು 11ಕ್ಕೆ. 14ಕ್ಕೆ ನಡೆದದ್ದು ಮ್ಯಾಚೇ ಅಲ್ಲ. ಆಟಗಾರರು ಬಟ್ಟೆ ಬದಲಿಸಿ ಮನೆಗೆ ಹೋಗಿಯಾಗಿದೆ, ಸ್ಕೋರರ್ ಕೂತು ಪುಸ್ತಕ ಓದುತ್ತಿದ್ದಾನೆ. ಅದನ್ನು ಬೆಳಿಗ್ಗೆ ಏಳೂವರೆಯಿಂದ ರೋಮಾಂಚನ ಅಂತ ನೋಡುವವರು ನೀವು. ಟೆಸ್ಟಿನಲ್ಲಿ 30 ರನ್ ಲೀಡ್ ಬಂದಾಗ ಉಳಿದ ಎರಡು ಇನಿಂಗ್ಸ್ ಎಲ್ಲೂ ಇಲ್ಲ, ಯಾವ ಪೆಟ್ಟಿಗೆಯಲ್ಲೂ ಇಲ್ಲ. ಯಾರೋ ಬಂದು ಆಡಬೇಕು. ಆಡದಿದ್ದರೆ 93.

ನಿಮ್ಮ ಅಪ್ಪನಿಗೆ ಹೀಗೆ ಹೇಳಿ: ನಿಮ್ಮ ಲೀಡು ಸುದ್ದಿ, ನಮ್ಮ ಲೀಡು ಸಾಲ. ಯಾವಾಗ ಬೇಕಾದರೂ ವಾಪಸ್ ಕೇಳಬಹುದು.

ಮೂರನೇಸ್ಲಿಪ್ · 6.34

ಆ ಪಿಚ್ ನೋಡಿದರೆ ಈಡನ್ ಮ್ಯಾಚೂ ಮೊದಲೇ ಪೆಟ್ಟಿಗೆಯಲ್ಲಿತ್ತು ಅನಿಸುತ್ತದೆ. ನಮಗೆ ಬೇಕಿದ್ದ ಪಿಚ್ ಇದೇ ಅಂತ ಕೋಚ್ ಗಂಭೀರ್ ಅವರೇ ಹೇಳಿದರಲ್ಲ. ದಕ್ಷಿಣ ಆಫ್ರಿಕಾದ ಸ್ಪಿನ್ನರ್ ಹಾರ್ಮರ್ ಎರಡೂ ಇನಿಂಗ್ಸಿನಲ್ಲಿ ನಾಲ್ಕು ನಾಲ್ಕು ತೆಗೆದ. ಅವನಿಗೂ ಅದೇ ಪಿಚ್ ಬೇಕಿತ್ತು ಅಂತ ಯಾರಿಗೂ ಹೊಳೆಯಲಿಲ್ಲ.

ಕಡೂರುಕಡಲೆ · 6.36

ಇಡೀ ಮ್ಯಾಚಿನಲ್ಲಿ ಐವತ್ತು ದಾಟಿದ್ದು ದಕ್ಷಿಣ ಆಫ್ರಿಕಾ ಕ್ಯಾಪ್ಟನ್ ಬವುಮಾ ಒಬ್ಬರೇ. 55 ನಾಟೌಟ್. ಅವರ ಎತ್ತರ ನೋಡಿ ನಗುತ್ತಿದ್ದವರೆಲ್ಲ ಎಲ್ಲಿ?

ಟೀಚರಮ್ಮ · 6.50

ಶುಕ್ರವಾರ ನಮಗೆ ಶಾಲೆಯಲ್ಲಿ ಮಕ್ಕಳ ದಿನಾಚರಣೆ. ಎರಡನ್ನೂ ನೋಡಲಿಲ್ಲ. ಛದ್ಮವೇಷದಲ್ಲಿ ಒಬ್ಬ ಹುಡುಗ ಬುಮ್ರಾ ಆಗಿ ಬಂದಿದ್ದ, ಅಷ್ಟೇ ಕ್ರಿಕೆಟ್ಟು.

ಆದರೆ ಹೋದ ವರ್ಷದ ನವೆಂಬರ್ 23 ಯಾರಿಗಾದರೂ ನೆನಪಿದೆಯಾ? ಶನಿವಾರ. ನನ್ನ ಪ್ರಕಾರ ಈ ಎರಡು ಹುಚ್ಚು ಇರುವವರಿಗೆ ಅದಕ್ಕಿಂತ ಒಳ್ಳೆ ದಿನ ಬಂದಿಲ್ಲ. ಆಸ್ಟ್ರೇಲಿಯಾ ಮೇಲೆ ಪರ್ತ್ ಟೆಸ್ಟಿನ ಎರಡನೇ ದಿನ ನಮ್ಮ ಟೈಮು ಏಳು ಐವತ್ತಕ್ಕೆ ಶುರು. ಎಂಟಕ್ಕೆ ಮಹಾರಾಷ್ಟ್ರ, ಜಾರ್ಖಂಡ್ ಎಣಿಕೆ. ಜೊತೆಗೆ ನಮ್ಮ ಮೂರು ಉಪಚುನಾವಣೆ: ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು. ಹಾಸನದಲ್ಲಿ ಮಹಾರಾಷ್ಟ್ರ ಯಾರಿಗೆ ಬೇಕು, ಎಲ್ಲರ ಕಣ್ಣು ಚನ್ನಪಟ್ಟಣದ ಮೇಲೆ.

ನಮ್ಮ ಮನೆಯಲ್ಲಿ ಅತ್ತೆಯವರು ಅಕ್ಕಿರೊಟ್ಟಿ ತಟ್ಟುತ್ತಾ, "ಚನ್ನಪಟ್ಟಣ ಎಷ್ಟನೇ ರೌಂಡು?" ಅಂತ ಅಡುಗೆಮನೆಯಿಂದ ಕೂಗುತ್ತಿದ್ದರು. ನಾನು ಟಿವಿಯಲ್ಲಿ ಎಣಿಕೆ, ಮೊಬೈಲಿನಲ್ಲಿ ಪರ್ತ್. ಹಿಂದಿನ ದಿನ ನಾವು 150ಕ್ಕೆ ಆಲೌಟ್, ಅವರು 67ಕ್ಕೆ 7. ಬೆಳಿಗ್ಗೆ ಬೇಗ ಮುಗಿಯುತ್ತೆ ಅಂದುಕೊಂಡರೆ ಸ್ಟಾರ್ಕ್, ಹೇಜಲ್‌ವುಡ್ ಕೊನೇ ವಿಕೆಟ್ಟಿಗೆ 18 ಓವರ್ ಆಡಿದರು! ಬರೀ 25 ರನ್, ಆದರೆ ಜೀವ ತಿಂದರು. ಅತ್ತ ಚನ್ನಪಟ್ಟಣದಲ್ಲಿ ಯೋಗೇಶ್ವರ್ ಲೀಡ್ ಬೆಳೆಯುತ್ತಲೇ ಹೋಯಿತು. ಕೊನೆಗೆ 25 ಸಾವಿರ ದಾಟಿತು. ಅತ್ತೆಯವರು ಒಲೆ ಆರಿಸಿ ಹೊರಗೆ ಬಂದು ಮೊಬೈಲಲ್ಲಿ ಇಣುಕಿ, "ಇವನ್ಯಾರು, ಔಟೇ ಆಗಲ್ವಲ್ಲ?" ಅಂದರು. ಅದು ಕೆ.ಎಲ್. ರಾಹುಲ್. ಅಷ್ಟು ಹೊತ್ತಿಗೆ ಜೈಸ್ವಾಲ್ ಜೊತೆ ನಿಂತಿದ್ದರು. ದಿನದ ಕೊನೆಗೆ ವಿಕೆಟ್ ಇಲ್ಲದೆ 172. "ಮಂಗಳೂರಿನ ಹುಡುಗ ಅತ್ತೆ" ಅಂದೆ. ಆಮೇಲೆ ಇಡೀ ಮಧ್ಯಾಹ್ನ ಅವರು ನನ್ನ ಪಕ್ಕವೇ ಕೂತರು. ಎಣಿಕೆ ಮರೆತೇ ಹೋಯಿತು.

ಅವತ್ತಿನಿಂದ ನನ್ನ ಅಭಿಪ್ರಾಯ ಇದು: ಎಣಿಕೆ ಟಿವಿಯಲ್ಲಿ, ಟೆಸ್ಟ್ ಕೈಯಲ್ಲಿ. ತಿರುಗಾಮುರುಗಾ ಮಾಡಿದರೆ ಎರಡೂ ಕೆಡುತ್ತದೆ. ಎಣಿಕೆಯಲ್ಲಿ ಅಂಕಿ ಸುಮ್ನೆ ದೊಡ್ಡದಾಗಿ ಕಂಡರೆ ಸಾಕು. ಟೆಸ್ಟನ್ನು ಹತ್ತಿರ ಹಿಡಿದು ನೋಡಬೇಕು.

ಕಾಫಿಕಣ · 6.58

@ಟೀಚರಮ್ಮ ಒಪ್ಪಿದೆ ಮೇಡಂ. ಆದರೆ ನೀರಿನ ತೊಟ್ಟಿ ಮೇಲೆ ಎಷ್ಟು ಹೊತ್ತು ನಿಲ್ಲಲಿ?

ನೋಟಾ · 7.00

ಐದು ದಿನ.

ಘಟ್ಟದಕೆಳಗಿನವ · 7.12

ರಾಹುಲ್ ನಮ್ಮವರು ಅಂತ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ನಿಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಯಿಂದ ಟೆಸ್ಟ್ ಆಡಿದವರು ಯಾರಿದ್ದಾರೆ ಮಾರಾಯ್ರೆ?

ಹಾಸನ್‌ಹೈದ · 7.15

ಜಾವಗಲ್ ಶ್ರೀನಾಥ್! ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕು. 236 ಟೆಸ್ಟ್ ವಿಕೆಟ್. ಇನ್ನೇನು ಬೇಕು?

ಮೂರನೇಸ್ಲಿಪ್ · 7.19

@ಹಾಸನ್‌ಹೈದ ಅಣ್ಣ, ಅವರು ಹುಟ್ಟಿ ಬೆಳೆದದ್ದು ಮೈಸೂರು. ಊರಿನ ಹೆಸರು ಮಾತ್ರ ನಿಮ್ಮದು. ಅರಸೀಕೆರೆಯಲ್ಲೇ ಹುಟ್ಟಿದವರು ಡೇವಿಡ್ ಜಾನ್ಸನ್. 1996ರಲ್ಲಿ ಎರಡು ಟೆಸ್ಟ್ ಆಡಿದರು, ಡೆಲ್ಲಿಯಲ್ಲಿ ಆಸ್ಟ್ರೇಲಿಯಾ ಮೇಲೆ, ಡರ್ಬನ್ನಿನಲ್ಲಿ ದಕ್ಷಿಣ ಆಫ್ರಿಕಾ ಮೇಲೆ. ಒಳ್ಳೆ ವೇಗ ಇತ್ತು. ಹೋದ ವರ್ಷ ಜೂನಿನಲ್ಲಿ ತೀರಿಕೊಂಡರು.

ಹಾಸನ್‌ಹೈದ · 7.24

ಜಾನ್ಸನ್ ನಮ್ಮವರು ಅಂತ ಗೊತ್ತಿರಲಿಲ್ಲ. ಥ್ಯಾಂಕ್ಸ್. ಆದರೂ ಶ್ರೀನಾಥ್ ಅವರನ್ನು ಬಿಟ್ಟುಕೊಡಲ್ಲ. ಕಾಮೆಂಟರಿಯಲ್ಲಿ ಇಂಗ್ಲೆಂಡಿನವರ ಬಾಯಲ್ಲೂ ನಮ್ಮೂರ ಹೆಸರು ಬಂದಿದೆ ಅಲ್ವಾ, ಅಷ್ಟು ಸಾಕು.

ಕಡೂರುಕಡಲೆ · 7.26

ವೇದಾ ಕೃಷ್ಣಮೂರ್ತಿ ಕಡೂರಿನವರು. ಟೆಸ್ಟ್ ಅಲ್ಲದಿದ್ದರೂ 2017ರ ವಿಶ್ವಕಪ್ ಫೈನಲ್ಲಿನಲ್ಲಿ ಲಾರ್ಡ್ಸಿನಲ್ಲಿ 35 ಹೊಡೆದರು. ಆ ಮ್ಯಾಚ್ ಇವತ್ತಿಗೂ ನುಂಗಲಾಗಿಲ್ಲ. 9 ರನ್ನಲ್ಲಿ ಹೋಯಿತು, ಗೆದ್ದೇಬಿಟ್ಟೆವು ಅಂದುಕೊಂಡಿದ್ದಾಗ.

ಫಾಲೋಆನ್ · 7.33

ಶ್ರೀನಾಥ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 1999ರ ಫೆಬ್ರವರಿ, ಇದೇ ಈಡನ್, ಪಾಕಿಸ್ತಾನ ಮೇಲೆ. ಒಂದೇ ಮ್ಯಾಚಿನಲ್ಲಿ 13 ವಿಕೆಟ್. ಆದರೂ ನಾವು 46 ರನ್ನಲ್ಲಿ ಸೋತೆವು. ಅದಕ್ಕೆ ಸ್ವಲ್ಪ ದಿನ ಮುಂಚೆ ಡೆಲ್ಲಿಯಲ್ಲಿ ಕುಂಬ್ಳೆಗೆ ಹತ್ತನೇ ವಿಕೆಟ್ ಸಿಗಲಿ ಅಂತ ಬೇಕಂತಲೇ ಆಚೆ ಆಚೆ ಬೌಲ್ ಮಾಡಿದ ಮನುಷ್ಯ. ಕಾರ್ಯಕರ್ತ ಅಂದರೆ ಹಾಗಿರಬೇಕು. ಟಿಕೆಟ್ ಸಿಗಲಿಲ್ಲ ಅಂತ ಪಕ್ಷ ಬಿಡುವವರು ನೋಡಿ ಕಲಿಯಲಿ.

ಹಳೇರೇಡಿಯೋ · 7.50

ಚಿಕ್ಕಮಗಳೂರಿನ ಹಳಬ. 1978ರ ನವೆಂಬರಿನಲ್ಲಿ ಮಿಡ್ಲ್ ಸ್ಕೂಲಿನಲ್ಲಿದ್ದೆ. ಈ ಎರಡು ಹುಚ್ಚು ಒಟ್ಟಿಗೆ ಹಿಡಿದಿದ್ದು ಆ ತಿಂಗಳು.

ಇಂದಿರಾ ಗಾಂಧಿಯವರು ನಮ್ಮ ಊರಿಗೆ ಬಂದು ನಿಂತರು. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟಿದ್ದರು. ಎದುರು ವೀರೇಂದ್ರ ಪಾಟೀಲರು. "ಏಕ್ ಶೇರ್ನಿ ಸೌ ಲಂಗೂರ್" ಘೋಷಣೆ ಹುಟ್ಟಿದ್ದು ಆಗಲೇ. ನಮಗೆ ಲಂಗೂರ್ ಅಂದರೆ ಮುಸಿಯ ಅಂತ ಯಾರೋ ಹೇಳಿಕೊಟ್ಟ ಮೇಲೆ ಶಾಲೆಯಲ್ಲಿ ಅದೇ ಆಟ. ನಾನು ಯಾವಾಗಲೂ ಲಂಗೂರು, ಕಾಲು ಸಣ್ಣ ಇತ್ತು ಅಂತ. ಬಜಾರಿನಲ್ಲಿ ಒಂದು ದರ್ಜಿ ಅಂಗಡಿ ಇತ್ತು, ಅಲ್ಲಿ ದೊಡ್ಡ ರೇಡಿಯೋ. ರಿಸಲ್ಟ್ ಕೇಳಲು ಅಂಗಡಿ ಮುಂದೆ ರಸ್ತೆ ತುಂಬ ಜನ. 77 ಸಾವಿರ ಮತಗಳ ಗೆಲುವು.

ಅದೇ ತಿಂಗಳು ನಮ್ಮ ತಂಡ ಪಾಕಿಸ್ತಾನದಲ್ಲಿತ್ತು. ಎಷ್ಟೋ ವರ್ಷದ ಮೇಲೆ ಹೋಗಿದ್ದರು. ಕಪಿಲ್ ದೇವ್ ಮೊದಲ ಸರಣಿ. ಕರಾಚಿ ಟೆಸ್ಟಿಗೆ ಅದೇ ದರ್ಜಿ ಅಂಗಡಿ, ಅದೇ ರೇಡಿಯೋ, ಆದರೆ ಜನ ಎಂಟೇ ಎಂಟು. ಗಾವಸ್ಕರ್ ಎರಡೂ ಇನಿಂಗ್ಸಿನಲ್ಲಿ ನೂರು ಹೊಡೆದರು, 111 ಮತ್ತು 137. ಡ್ರಾ ಆಗುತ್ತೆ ಅಂದುಕೊಂಡೆವು. ಕೊನೇ ಸಂಜೆ ಇಮ್ರಾನ್ ಬಂದು ಬೇಡಿಯವರಿಗೆ ಸಿಕ್ಸರ್ ಮೇಲೆ ಸಿಕ್ಸರ್ ಬಾರಿಸಿದರು. ದರ್ಜಿ ಯಜಮಾನರು ಏನೂ ಮಾತಾಡದೆ ರೇಡಿಯೋ ಆರಿಸಿ ಮತ್ತೆ ಮೆಷಿನ್ ತುಳಿಯತೊಡಗಿದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಲೀಡಿನ ಮಾತಿಗೆ: 77 ಸಾವಿರದಲ್ಲಿ ಗೆದ್ದವರ ಲೋಕಸಭೆ ಸದಸ್ಯತ್ವ ಡಿಸೆಂಬರಿನಲ್ಲೇ ಹೋಯಿತು. ಅದಕ್ಕೆ ನಿಮ್ಮ ತಂದೆಯವರು ಏನನ್ನುತ್ತಾರೆ ಕೇಳಿ.

ಟೀಚರಮ್ಮ · 7.55

@ಹಳೇರೇಡಿಯೋ ಸರ್, ಎಷ್ಟು ಚೆನ್ನಾಗಿ ಬರೆದಿದ್ದೀರಿ. ಇನ್ನೂ ಬರೆಯಿರಿ.

ರಾಗಿಮುದ್ದೆ · 8.03

ಅತಂತ್ರ ವಿಧಾನಸಭೆ ಅಂದ್ರೆ ಟೆಸ್ಟಿನ ಡ್ರಾ ಇದ್ದಂಗೆ. 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಯಾರೂ ಗೆಲ್ಲಲಿಲ್ಲ. ಇಷ್ಟು ಸಿಂಪಲ್.

ನೋಟಾ · 8.05

ಅಲ್ಲ ಸ್ವಾಮಿ. ಡ್ರಾ ಆದ್ರೆ ಆಟಗಾರರು ಮನೆಗೆ ಹೋಗುತ್ತಾರೆ. ಅತಂತ್ರ ಆದ್ರೆ ರೆಸಾರ್ಟಿಗೆ ಹೋಗುತ್ತಾರೆ.

ಫಾಲೋಆನ್ · 8.09

ಡ್ರಾ ಅಂದ್ರೆ ಯಾರೂ ಗೆಲ್ಲಲಿಲ್ಲ ಅಂತಲ್ಲ, ಒಬ್ಬರು ಸೋಲದೆ ಉಳಿದರು ಅಂತ. ಅದು ದೊಡ್ಡ ಕೆಲಸ. ದಿನವಿಡೀ ನಿಂತು ಉಳಿಸಿಕೊಂಡವನನ್ನು 58 ಸೀಟು ಇಟ್ಟುಕೊಂಡು ಚೌಕಾಸಿ ಮಾಡುವವರ ಜೊತೆ ಹೋಲಿಸಬೇಡಿ.

ರಾಗಿಮುದ್ದೆ · 8.14

@ಫಾಲೋಆನ್ ಚೌಕಾಸಿ ಅಂತ ಹಗುರವಾಗಿ ಮಾತಾಡಬೇಡಿ. ಕಡಿಮೆ ರನ್ನಿದ್ರೂ ಮ್ಯಾಚ್ ಉಳಿಸಿಕೊಳ್ಳೋದು ಹಾಸನ ಜಿಲ್ಲೆಗೆ ಬಂದ ಕಲೆ. 2023ರಲ್ಲಿ ರಾಜ್ಯದಲ್ಲಿ ಜೆಡಿಎಸ್ 19ಕ್ಕೆ ಇಳಿದಾಗಲೂ ಇಲ್ಲಿ ಏಳರಲ್ಲಿ ನಾಲ್ಕು ಬಂತು. ಬಿಜೆಪಿ ಎರಡು, ಕಾಂಗ್ರೆಸ್ ಒಂದು. ಚಿಕ್ಕಮಗಳೂರಿನವರು ನೋಡಿ, ಐದಕ್ಕೆ ಐದೂ ಕಾಂಗ್ರೆಸ್ಸಿಗೆ ಕೊಟ್ಟು ವೈಟ್‌ವಾಷ್ ಮಾಡಿಸಿಕೊಂಡರು.

ಕಡೂರುಕಡಲೆ · 8.17

ವೈಟ್‌ವಾಷ್ ಅಂತೆ! ಶೃಂಗೇರಿಯಲ್ಲಿ ಅವತ್ತು ಘೋಷಣೆಯಾದ ಅಂತರ 201. ಚಿಕ್ಕಮಗಳೂರಿನಲ್ಲಿ ಸಿ.ಟಿ. ರವಿಯವರು ಸೋತದ್ದು ಆರು ಸಾವಿರದ ಒಳಗೆ. ಸ್ಕೋರು 5-0 ಇರಬಹುದು, ಒಂದೆರಡು ಮ್ಯಾಚ್ ಕೊನೇ ಓವರಿಗೆ ಹೋಗಿತ್ತು. ನಿಮ್ಮ ಹೊಳೆನರಸೀಪುರದಲ್ಲೇ ರೇವಣ್ಣನವರು ಮೂರು ಸಾವಿರ ಚಿಲ್ಲರೆಯಲ್ಲಿ ಪಾರಾಗಿದ್ದು ಮರೆತಿರಾ?

ಹಾಸನ್‌ಹೈದ · 8.20

ಆ ಮೂರು ಸಾವಿರದ ದಿನ ನಮ್ಮ ಪಕ್ಕದೂರಿನಲ್ಲಿ ಒಬ್ಬರು ಎರಡು ಟಗರು ಕಟ್ಟಿದ್ದರು, ಇನ್ನೊಬ್ಬರು ಹಳೇ ಬೈಕು. ನಾನು ಮಧ್ಯಸ್ಥ. ಕೊನೇ ರೌಂಡ್ ತನಕ ಟಗರುಗಳು ನಮ್ಮ ಮನೆ ಮುಂದೆ ಕಟ್ಟಿದ್ದವು, ಮೇವು ನಂದೇ. ಈ ಸಲ ಯಾರಾದರೂ ಗುವಾಹಟಿ ಟೆಸ್ಟಿಗೆ

ನಿರ್ವಾಹಕ · 8.22

ಬಾಜಿ ಮಾತು ಇಲ್ಲಿ ಬೇಡ. ಮೇಲಿನ ಪೋಸ್ಟನ್ನು ಅರ್ಧಕ್ಕೆ ಕತ್ತರಿಸಿದ್ದೇನೆ. ಟಗರಿನ ಕಥೆ ಚೆನ್ನಾಗಿತ್ತು ಅಂತ ಅದನ್ನು ಬಿಟ್ಟಿದ್ದೇನೆ.

ಅಂಕಿಸಂಖ್ಯೆ · 8.40

ಎಲ್ಲರೂ ಲೀಡ್ ಹಿಡಿದುಕೊಂಡು ಜಗ್ಗುತ್ತಿದ್ದೀರಿ. ನನ್ನ ತಕರಾರು ಬೇರೆ. ಜಾಸ್ತಿ ರನ್ ಹೊಡೆದವನೂ ಸೋಲುತ್ತಾನೆ, ಜಾಸ್ತಿ ಮತ ಪಡೆದವನೂ ಸೋಲುತ್ತಾನೆ.

ಬಿಹಾರದಲ್ಲಿ ಒಂದೇ ಪಕ್ಷವಾಗಿ ನೋಡಿದರೆ ಅತಿ ಹೆಚ್ಚು ಮತ ಆರ್‌ಜೆಡಿಗೆ, ಸುಮಾರು ಶೇ 23. ಸೀಟು 25. ಬಿಜೆಪಿಗೆ ಸುಮಾರು ಶೇ 20, ಸೀಟು 89. ಮೋಸ ಅಂತ ಕೂಗುವ ಮೊದಲು ಒಂದು ಮಾತು: ಆರ್‌ಜೆಡಿ ನಿಂತದ್ದು 140ಕ್ಕೂ ಹೆಚ್ಚು ಕಡೆ, ಬಿಜೆಪಿ 101 ಕಡೆ. ಜಾಸ್ತಿ ಓವರ್ ಆಡಿದವನಿಗೆ ಜಾಸ್ತಿ ರನ್. ನಮ್ಮಲ್ಲೇ ನೋಡಿ. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38 ಮತ, ಬಿಜೆಪಿಗೆ ಶೇ 36. ಸೀಟು ಜಾಸ್ತಿ ಬಿಜೆಪಿಗೆ. 2023ರಲ್ಲಿ ಬಿಜೆಪಿ ಮತ ಅದೇ ಶೇ 36ರ ಹತ್ತಿರ, ಸೀಟು 104ರಿಂದ 66. ಅವರು ಆಡಿದ್ದು ಅದೇ ಆಟ, ಎದುರಿನವರು 43ಕ್ಕೆ ಹೋದರು ಅಷ್ಟೇ.

ಕ್ರಿಕೆಟ್ಟಲ್ಲಿ ಇದಕ್ಕೆ ಮುಲ್ತಾನ್. 2024ರ ಅಕ್ಟೋಬರ್ 8ಕ್ಕೆ ಪಾಕಿಸ್ತಾನ 556 ಹೊಡೆದು ಮುಗಿಸಿತು. ಅವತ್ತೇ ಹರಿಯಾಣದ ಎಣಿಕೆ. ಬೆಳಿಗ್ಗೆ ಕಾಂಗ್ರೆಸ್ ಲೀಡ್ ನೋಡಿ ದಿಲ್ಲಿಯಲ್ಲಿ ಸಿಹಿ ಹಂಚಿದರು, ತಿಂಡಿ ಮುಗಿಯುವುದರೊಳಗೆ ತಿರುಗಿತು. ಬಿಜೆಪಿ 48, ಕಾಂಗ್ರೆಸ್ 37. ಮುಲ್ತಾನಿನಲ್ಲಿ ಇಂಗ್ಲೆಂಡ್ 7 ವಿಕೆಟ್ಟಿಗೆ 823 ಹೊಡೆದು ಡಿಕ್ಲೇರ್ ಮಾಡಿತು, ಬ್ರೂಕ್ 317, ರೂಟ್ 262. 556 ಹೊಡೆದವರು ಇನಿಂಗ್ಸ್ ಮತ್ತು 47 ರನ್ನಲ್ಲಿ ಸೋತರು. ಹರಿಯಾಣ ತಿರುಗಲು ಎರಡು ಗಂಟೆ ಸಾಕಾಯಿತು, ಮುಲ್ತಾನ್ ತಿರುಗಲು ಮೂರು ದಿನ.

ಎಣಿಕೆಏಜೆಂಟ್ · 8.52

ಹರಿಯಾಣದಲ್ಲಿ ಆ ಎರಡು ಗಂಟೆಯಲ್ಲಿ ಏನೂ ತಿರುಗಲಿಲ್ಲ ಸರ್, ಮತ್ತೆ ಅದೇ ಹೇಳುತ್ತೇನೆ. ಓದುವ ಪುಟ ತಿರುಗಿತು. ಮೊದಲ ಅರ್ಧ ಗಂಟೆ ಬರೀ ಅಂಚೆ ಮತ. ಅದು ನೌಕರರು, ಸೈನಿಕರು, ವಯಸ್ಸಾದವರ ಮತ, ಊರಿನ ಮತ ಅಲ್ಲ. ಟಿವಿಯವರು ಅದನ್ನೇ ಟ್ರೆಂಡ್ ಅಂತ ಹಾಕುತ್ತಾರೆ. ಆಯೋಗದ ಜಾಲತಾಣದಲ್ಲಿ ರೌಂಡಿನ ಅಂಕಿ ಅಧಿಕಾರಿ ಸಹಿ ಆದಮೇಲೆ ಬರುತ್ತದೆ, ಅದಕ್ಕೇ ನಿಧಾನ. ಈ ಸಲ ಬಿಹಾರಕ್ಕೆ ಮೊದಲು ಒಂದು ಬದಲಾವಣೆ ಮಾಡಿದರು. ಅಂಚೆ ಮತ ಪೂರ್ತಿ ಮುಗಿಯದೆ ಮೆಷಿನ್ನಿನ ಕೊನೆಯ ಹಿಂದಿನ ರೌಂಡಿಗೆ ಕೈ ಹಾಕುವಂತಿಲ್ಲ. ಒಳ್ಳೆಯದೇ. ಇಲ್ಲದಿದ್ದರೆ ಮೆಷಿನ್ ಮುಗಿದು ಎಲ್ಲರೂ ಬಾಗಿಲು ನೋಡುತ್ತಾ ಕೂರಬೇಕಿತ್ತು. ಅದಾದ ಮೇಲೂ ಐದು ಬೂತಿನ ವಿವಿಪ್ಯಾಟ್ ಚೀಟಿ (ಮತ ಹಾಕಿದಾಗ ಮೆಷಿನ್ ಮುದ್ರಿಸಿದ್ದು) ಎಣಿಸಬೇಕು. ಅಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಚಿತ್ರಾನ್ನ ಆರಿ ಕಲ್ಲಾಗಿರುತ್ತದೆ.

ಮೂರನೇಸ್ಲಿಪ್ · 9.01

ಎರಡರಲ್ಲೂ ಇರುವ ಒಂದೇ ಒಂದು ಸಾಮ್ಯ ಹೇಳಲಾ? ಒಂದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದು ಮತದಲ್ಲಿ ಗೆದ್ದರು. 40,752 ವಿರುದ್ಧ 40,751. 2023ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ ನ್ಯೂಜಿಲೆಂಡ್ ಫಾಲೋಆನ್ ಆಗಿ, ಅಂದ್ರೆ ತುಂಬಾ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಹಿಡಿಯಬೇಕಾಗಿ ಬಂದಮೇಲೂ ಇಂಗ್ಲೆಂಡ್ ಮೇಲೆ ಒಂದು ರನ್ನಲ್ಲಿ ಗೆದ್ದಿತು. ಆ ಒಂದರಲ್ಲಿ ಸೋತವರು ಆಮೇಲೆ ಜೀವನಪರ್ಯಂತ ಏನನ್ನು ನೆನೆಸಿಕೊಳ್ಳುತ್ತಾರೆ? ಮನೆಯಲ್ಲೇ ಉಳಿದ ಮತವನ್ನು. ಬಿಟ್ಟುಕೊಟ್ಟ ಬೈ ರನ್ನನ್ನು.

ರಾಗಿಮುದ್ದೆ · 9.04

ಜಯನಗರ ಕ್ಷೇತ್ರದಲ್ಲಿ ಗೆದ್ದಿದ್ದು 16 ಮತದಲ್ಲಿ. ರಾತ್ರಿಯಾದರೂ ಮರುಎಣಿಕೆ ಮುಗಿದಿರಲಿಲ್ಲ. ಆ ದಿನ ನಾನು ಮಲಗಿದ್ದೇ ಹನ್ನೆರಡರ ಮೇಲೆ.

ಫಾಲೋಆನ್ · 9.07

ಈ ಆಗಸ್ಟಿನ ಓವಲ್ ಟೆಸ್ಟ್ ಹೇಳದಿದ್ದರೆ ಚರ್ಚೆಯೇ ಅಲ್ಲ. ಕೊನೇ ಬೆಳಿಗ್ಗೆ ಇಂಗ್ಲೆಂಡಿಗೆ ಬೇಕಿದ್ದದ್ದು 35, ಕೈಯಲ್ಲಿ 4 ವಿಕೆಟ್. ವೋಕ್ಸ್ ಒಂದು ಕೈ ಕಟ್ಟಿಕೊಂಡು ಇಳಿದರು. ಸಿರಾಜ್ 6 ರನ್ನಲ್ಲಿ ಗೆಲ್ಲಿಸಿದರು. ಯಾವ ಎಣಿಕೆ ಕೇಂದ್ರದಲ್ಲಿ ಕೈ ಮುರಿದ ಅಭ್ಯರ್ಥಿ ಇನ್ನೊಂದು ಮತ ಹಾಕಿಸಲು ಇಳಿದು ಬಂದಿದ್ದಾನೆ, ತೋರಿಸಿ. ಅಲ್ಲಿ ಅಭ್ಯರ್ಥಿ ಮನೆಯಲ್ಲಿ ಕೂತು ದೇವರಿಗೆ ಹರಕೆ ಹೊರುತ್ತಾನೆ. ಮಾಡಲು ಬೇರೆ ಏನೂ ಉಳಿದಿರಲ್ಲ.

ಟೀಚರಮ್ಮ · 9.15

ಅದಕ್ಕೇ ಎಣಿಕೆ ದಿನ ಜಾಸ್ತಿ ಹೊಟ್ಟೆ ಉರಿಯೋದು ಅನಿಸುತ್ತೆ. ಟೆಸ್ಟಿನಲ್ಲಿ ಕಡೇಪಕ್ಷ ಬೈಯಲು ಒಬ್ಬ ಬ್ಯಾಟ್ಸ್‌ಮನ್ ಎದುರಿಗೆ ಇರುತ್ತಾನೆ.

ಘಟ್ಟದಕೆಳಗಿನವ · 9.20

ವಿಷಯ ಬಿಟ್ಟು ಒಂದು ಮಾತು. ಆಲ್ದೂರು ಕಡೆ ಮಳೆ ಇದೆಯಾ? ಅರೇಬಿಕಾ ಕೊಯ್ಲು ಶುರುವಾಯಿತಾ? ಭಾವ ಕೇಳುತ್ತಿದ್ದಾರೆ.

ಕಾಫಿಕಣ · 9.48

@ಘಟ್ಟದಕೆಳಗಿನವ ಕೊಯ್ಲು ಶುರು. ಕಣದಲ್ಲಿ ಹರಡಿದ್ದೇವೆ, ಸಂಜೆ ಮೋಡ ಕಂಡರೆ ಜೀವ ಬಾಯಿಗೆ ಬರುತ್ತೆ, ಟಾರ್ಪಾಲ್ ಹಿಡಿದು ಓಡುವುದು. ಆಳು ಸಿಗುವುದೇ ಕಷ್ಟ. ರೈಟರ್ ರಜೆ ಹಾಕಿದ್ದಾರೆ, ಅವರ ಲೆಕ್ಕವೂ ನನ್ನ ತಲೆ ಮೇಲೆ.

ಊಟ ಆಯಿತು. ನಿಮ್ಮ ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಏಜೆಂಟ್ ಅಣ್ಣನವರದ್ದು ಎರಡು ಸಲ ಓದಿಸಿದರು. "ಹಾರ ನೆರಳಲ್ಲಿಡಿ" ಅನ್ನೋದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 1978 ಬಂದಾಗ ಮಾತ್ರ ನಗಲಿಲ್ಲ. ಅವರೂ ಅವತ್ತು ಆ ದರ್ಜಿ ಅಂಗಡಿ ಮುಂದೆ ಇದ್ದರಂತೆ. ಅಜ್ಜನ ಹೆಗಲ ಮೇಲೆ. @ಹಳೇರೇಡಿಯೋ ಸರ್, ಅಂಗಡಿ ಬಾಗಿಲಿಗೆ ಹಸಿರು ಬಣ್ಣ ಇತ್ತಾ ಅಂತ ಕೇಳುತ್ತಿದ್ದಾರೆ.

ಸಾಲದ ಮಾತನ್ನೂ ಹೇಳಿದೆ. "ಸಾಲ ಆದ್ರೆ ಬಡ್ಡಿ ಸಮೇತ ಕೊಟ್ಟು ಬಂದ್ರಲ್ಲ ಮತ್ತೆ" ಅಂದರು. ಲೀಡಿನ ವಿಷಯದಲ್ಲಿ ಒಂದಿಂಚೂ ಕದಲಿಲ್ಲ.

ಹಳೇರೇಡಿಯೋ · 9.55

ಹಸಿರೇ. ಹಲಗೆ ಬಾಗಿಲು, ಒಂದೊಂದೇ ತೆಗೆದಿಡುವುದು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಎಂಟು ಜನರಲ್ಲಿ ಇದ್ದರಾ, ಇಲ್ಲ ರಿಸಲ್ಟಿನ ದಿನ ಮಾತ್ರವಾ?

ಕಾಫಿಕಣ · 10.02

ರಿಸಲ್ಟಿನ ದಿನ ಮಾತ್ರ. ಗೊತ್ತಿತ್ತಲ್ಲ.

ಹಾಸನ್‌ಹೈದ · 10.06

ಶನಿವಾರ ಗುವಾಹಟಿ. ಅಲ್ಲಿ ಮೊದಲ ಟೆಸ್ಟ್ ಅದು. ಎಣಿಕೆ ಯಾವುದೂ ಇಲ್ಲ, ರಿಮೋಟ್ ನಿಂದೇ ಗುರು.

ಮೂರನೇಸ್ಲಿಪ್ · 10.08

ಒಂಬತ್ತಕ್ಕೇ ಶುರು, ನೆನಪಿರಲಿ. ಅಲ್ಲಿ ಬೇಗ ಕತ್ತಲಾಗುತ್ತೆ ಅಂತ ಊಟಕ್ಕೆ ಮೊದಲು ಟೀ, ಆಮೇಲೆ ಊಟ.

ಕಾಫಿಕಣ · 10.11

ಹನ್ನೊಂದಕ್ಕೆ ಟೀ, ಆಮೇಲೆ ಊಟ, ಅದು ನಮ್ಮ ತೋಟದ ಟೈಮೇ. ಅಮ್ಮನಿಗೆ ಹೇಳಿದೆ, ಕಡುಬು ಮಾಡುತ್ತಾರಂತೆ. ಅಪ್ಪ ಆಗಲೇ ಡೈರಿಯಲ್ಲಿ ಹೊಸ ಗೆರೆ ಎಳೆಯುತ್ತಿದ್ದಾರೆ. ಯಾವ ಎಲೆಕ್ಷನ್ ಅಪ್ಪ ಅಂತ ಕೇಳಿದರೆ, "ಸಹಕಾರ ಸಂಘದ್ದು, ನೀ ಸುಮ್ನಿರು" ಅಂದರು.